ಉದುರುವುದು ಒಂದು, ತುಂಡಾಗುವುದು ಇನ್ನೊಂದು: ಕೂದಲು ಬೆಳೆಸಿಕೊಂಡ ಅನುಭವ

ಕೂದಲು ಉದುರುವುದು ಒಂದು, ಕೂದಲು ತುಂಡಾಗುವುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆಯಾಗಿ ನೋಡಲು ಕಲಿತ ಮೇಲೆಯೇ ನನ್ನ ಕೂದಲಿನ ಆರೈಕೆ ಒಂದು ಹದಕ್ಕೆ ಬಂತು. ಅದಕ್ಕೆ ಮುಂಚೆ ಹಲವು ವರ್ಷ ನನ್ನ ಕೂದಲು ಭುಜದಿಂದ ತುಸು ಕೆಳಗಿನವರೆಗೆ ಬೆಳೆದು ಅಲ್ಲಿಗೇ ನಿಂತುಬಿಡುತ್ತಿತ್ತು. ಅದರ ಜೊತೆಗೆ, ಒಂದು ತೀವ್ರ ಜ್ವರದಿಂದ ಎದ್ದು ಕೆಲವು ತಿಂಗಳಾದ ಮೇಲೆ ಬಾಚಿದಷ್ಟೂ ಕೈಗೆ ಬರತೊಡಗಿತು. ಎರಡು ತೊಂದರೆಗಳೂ ಒಟ್ಟಿಗೆ ಎದುರಾದಾಗ ಅವು ಒಂದೇ ಎಂದು ತೋರುವುದು ಸಹಜ. ಆದರೆ ಒಂದರ ಮೂಲ ದೇಹದ ಒಳಗಿತ್ತು. ಇನ್ನೊಂದರ ಮೂಲ ಬಾಚುವ, ಒರೆಸುವ, ಕಟ್ಟುವ ರೀತಿಯಲ್ಲಿತ್ತು. ಒಂದಕ್ಕೆ ಮಾಡಬೇಕಾದ ಚಿಕಿತ್ಸೆಯಿಂದ ಇನ್ನೊಂದು ಗುಣವಾಗುವಂತಿರಲಿಲ್ಲ.

ನಾನು ಕಂಡ ಚರ್ಮರೋಗ ತಜ್ಞರು ಔಷಧ ಬರೆಯುವ ಮೊದಲು ಒಂದು ಕೆಲಸ ಹೇಳಿದರು. ಬಾಚಣಿಗೆಯಲ್ಲಿ, ದಿಂಬಿನ ಮೇಲೆ, ಬಚ್ಚಲಿನ ಜಾಲರಿಯಲ್ಲಿ ಸಿಕ್ಕ ಕೂದಲನ್ನು ಎಸೆಯದೆ ಗಾಢ ಬಣ್ಣದ ಕಾಗದದ ಮೇಲೆ ಹರಡಿ, ಒಂದೊಂದರ ಎರಡೂ ಕೊನೆಗಳನ್ನು ಬೆಳಕಿನಲ್ಲಿ ನೋಡಬೇಕೆಂದರು. ಹಾಗೆ ನೋಡಿದಾಗ ಎರಡು ಬಗೆಯ ಕೂದಲು ಕಂಡವು. ಕೆಲವು ಉದ್ದವಾಗಿದ್ದು, ಒಂದು ಕೊನೆಯಲ್ಲಿ ಸೂಜಿಮೊನೆಯಷ್ಟು ಚಿಕ್ಕದಾದ ಬಿಳಿ ಗಂಟಿತ್ತು; ಕೂದಲನ್ನು ಬೆರಳುಗಳ ನಡುವೆ ಮೆಲ್ಲಗೆ ಎಳೆದರೆ ಆ ಗಂಟು ಕೊನೆಯಲ್ಲಿ ತಡೆದಂತೆ ತಿಳಿಯುತ್ತಿತ್ತು. ಅವು ತಮ್ಮ ಅವಧಿ ಮುಗಿಸಿ ಬುಡದಿಂದ ಕಳಚಿ ಬಂದ ಕೂದಲು. ಉಳಿದವು ಗಿಡ್ಡ ತುಣುಕುಗಳು. ಅವುಗಳ ಯಾವ ಕೊನೆಯಲ್ಲೂ ಗಂಟಿರಲಿಲ್ಲ. ಒಂದು ಕೊನೆ ಮೊಂಡಾಗಿ ಮುರಿದಿದ್ದರೆ, ಇನ್ನೊಂದು ಎರಡು ಮೂರು ಎಳೆಯಾಗಿ ಸೀಳಿತ್ತು. ಬಿಳಿ ಗಂಟು ಕಂಡೊಡನೆ ಬೇರೇ ಕಿತ್ತು ಬಂತೆಂದು ಗಾಬರಿಯಾಗುವವರು ಬಹಳ. ನಿಜಕ್ಕೂ ಹೊಸ ಕೂದಲನ್ನು ಹುಟ್ಟಿಸುವ ರೋಮಕೂಪ ಚರ್ಮದೊಳಗೇ ಉಳಿದಿರುತ್ತದೆ; ಬಂದದ್ದು ಹಳೆಯ ಕೂದಲಿನ ಬುಡ ಮಾತ್ರ.

ಈ ಕಳಚುವಿಕೆಗೆ ಒಂದು ಲೆಕ್ಕವಿದೆ. ತಲೆಯ ಮೇಲಿನ ಸುಮಾರು 1 ಲಕ್ಷ ಕೂದಲಿನಲ್ಲಿ ಶೇ. 85ರಿಂದ 90ರಷ್ಟು ಯಾವುದೇ ಹೊತ್ತಿನಲ್ಲಿ ಬೆಳೆಯುವ ಹಂತದಲ್ಲಿರುತ್ತವೆ. ಆ ಹಂತ 2ರಿಂದ 6 ವರ್ಷ ನಡೆದು, ಎರಡು ಮೂರು ವಾರಗಳ ಒಂದು ಸಣ್ಣ ಮಧ್ಯಂತರದ ಬಳಿಕ ಕೂದಲು ಸುಮಾರು ಮೂರು ತಿಂಗಳ ವಿಶ್ರಾಂತಿಗೆ ಹೋಗುತ್ತದೆ. ಅದರ ಕೊನೆಗೆ ಉದುರುತ್ತದೆ. ಹೀಗಾಗಿ ದಿನಕ್ಕೆ 50ರಿಂದ 100 ಕೂದಲು ಹೋಗುವುದು ಆರೋಗ್ಯವಂತರಲ್ಲೂ ಸಾಮಾನ್ಯ. ತೀವ್ರ ಜ್ವರ, ಹೆರಿಗೆ, ದೊಡ್ಡ ಶಸ್ತ್ರಚಿಕಿತ್ಸೆ, ಒಮ್ಮೆಲೇ ಆಹಾರ ಕಡಿಮೆ ಮಾಡಿ ತೂಕ ಇಳಿಸಿಕೊಳ್ಳುವುದು, ಇಂಥ ಪೆಟ್ಟು ಬಿದ್ದಾಗ ಬೆಳೆಯಬೇಕಾದ ಕೂದಲುಗಳಲ್ಲಿ ದೊಡ್ಡ ಪಾಲು ಅವಧಿಗೆ ಮುಂಚೆಯೇ ವಿಶ್ರಾಂತಿಗೆ ಜಾರುತ್ತವೆ. ವೈದ್ಯರು ಇದನ್ನು ಟೆಲೊಜೆನ್ ಎಫ್ಲುವಿಯಂ ಎನ್ನುತ್ತಾರೆ. ಪೆಟ್ಟು ಬಿದ್ದ ದಿನ ಏನೂ ಕಾಣುವುದಿಲ್ಲ. ಎರಡು ಮೂರು ತಿಂಗಳ ನಂತರ, ರೋಗಿಗೆ ಜ್ವರದ ನೆನಪೂ ಮಾಸುತ್ತಿರುವಾಗ, ಕೂದಲು ಒಟ್ಟಾಗಿ ಉದುರತೊಡಗುತ್ತದೆ. ಆ ಹೊತ್ತಿನಲ್ಲಿ ಹೊಸದಾಗಿ ಹಚ್ಚಿದ ಎಣ್ಣೆಯನ್ನೋ ಬದಲಾಯಿಸಿದ ಶಾಂಪೂವನ್ನೋ ಜನ ದೂರುತ್ತಾರೆ.

ನನ್ನ ಮೊದಲ ನಿಯಮ ಹುಟ್ಟಿದ್ದು ಇಲ್ಲಿ. ಕೂದಲು ಹೆಚ್ಚು ಉದುರಿದರೆ ಈ ವಾರ ಏನು ಮಾಡಿದೆ ಎಂದು ಕೇಳಿಕೊಳ್ಳದೆ, ಮೂರು ತಿಂಗಳ ಹಿಂದೆ ದೇಹಕ್ಕೆ ಏನಾಗಿತ್ತು ಎಂದು ಕೇಳಿಕೊಳ್ಳಬೇಕು. ಆರೈಕೆಯಲ್ಲಿ ಮಾಡಿದ ಯಾವ ಬದಲಾವಣೆಯಿಂದ ಉದುರುವುದು ನಿಂತಿತೋ ಇಲ್ಲವೋ ಎಂದು ತೀರ್ಮಾನಿಸಲೂ ಅಷ್ಟೇ ಕಾಲ ಕಾಯಬೇಕು. ಕಾಯುವುದು ಸುಲಭವಲ್ಲ. ಪ್ರತಿ ತಲೆಸ್ನಾನವೂ ಒಂದು ಪರೀಕ್ಷೆಯಂತೆ ಕಾಡುತ್ತದೆ. ಉದುರುತ್ತದೆಂಬ ಭಯದಿಂದ ತೊಳೆಯುವುದನ್ನೇ ಮುಂದೂಡುವ ಮನಸ್ಸಾಗುತ್ತದೆ. ಆದರೆ ಕಳಚಿ ನಿಂತ ಕೂದಲು ಇಂದಲ್ಲ ನಾಳೆ ಬೀಳುವುದೇ. ಮುಂದೂಡಿದರೆ ಅಷ್ಟೂ ಸೇರಿ ಒಂದೇ ದಿನ ಬಿದ್ದು ಭಯವನ್ನು ಇಮ್ಮಡಿಸುತ್ತದೆ. ಇಂಥ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ತಗ್ಗುತ್ತದೆ. ನನ್ನ ವಿಷಯದಲ್ಲಿ ಹಣೆಯ ಅಂಚಿನಲ್ಲಿ, ಬೈತಲೆಯ ಎರಡೂ ಬದಿಯಲ್ಲಿ ಎದ್ದು ನಿಂತ ಗಿಡ್ಡ ಹೊಸ ಕೂದಲು ಕಂಡಾಗ ಧೈರ್ಯ ಬಂತು. ಮುರಿದ ಕೂದಲೂ ಗಿಡ್ಡವಾಗಿಯೇ ಕಾಣುವುದರಿಂದ ಗುರುತು ಹಿಡಿಯುವ ಬಗೆಯನ್ನೂ ಹೇಳುತ್ತೇನೆ: ಹೊಸ ಕೂದಲಿನ ತುದಿ ಮೊನಚಾಗಿ ಸಪುರವಾಗುತ್ತಾ ಹೋಗುತ್ತದೆ, ಮುರಿದದ್ದರ ತುದಿ ಮೊಂಡಾಗಿರುತ್ತದೆ.

ಕಾಯುವ ಅವಧಿಯಲ್ಲಿ ವೈದ್ಯರು ರಕ್ತ ಪರೀಕ್ಷೆ ಮಾಡಿಸಿದರು. ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶವನ್ನು ತಿಳಿಸುವ ಫೆರಿಟಿನ್ ನನಗೆ ಕಡಿಮೆಯಿತ್ತು, ಥೈರಾಯ್ಡ್ ಸರಿಯಿತ್ತು. ಅವರು ಹೇಳಿದ ಪ್ರಮಾಣದಲ್ಲಿ ಕಬ್ಬಿಣದ ಮಾತ್ರೆ ತೆಗೆದುಕೊಂಡೆ, ಪ್ರೋಟೀನ್ ಕಡಿಮೆಯಾಗದಂತೆ ಊಟ ನೋಡಿಕೊಂಡೆ, ಅಷ್ಟೇ. ಕೂದಲಿಗೆಂದೇ ಮಾರುವ ಮಾತ್ರೆಗಳ ವಿಷಯದಲ್ಲಿ ನನ್ನ ನಿಲುವು ಕಟ್ಟುನಿಟ್ಟು: ಪರೀಕ್ಷೆಯಲ್ಲಿ ಕೊರತೆ ಕಾಣದೆ ಒಂದನ್ನೂ ನುಂಗುವುದಿಲ್ಲ. ವಿಟಮಿನ್ ಎ ಮತ್ತು ಸೆಲೆನಿಯಂ ಅತಿಯಾದರೆ ಅವುಗಳಿಂದಲೇ ಕೂದಲು ಉದುರುತ್ತದೆ. ಬಯೋಟಿನ್ ಎಂಬ ಬಿ ಗುಂಪಿನ ವಿಟಮಿನ್ನಿನ ಕೊರತೆ ಆರೋಗ್ಯವಂತರಲ್ಲಿ ಅಪರೂಪ. ಅದನ್ನು ಹೆಚ್ಚು ಪ್ರಮಾಣದಲ್ಲಿ ಸೇವಿಸುವವರ ರಕ್ತ ಪರೀಕ್ಷೆಯ ಫಲಿತಾಂಶ ತಪ್ಪಾಗಿ ಬರಬಹುದು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲಿ ಎಚ್ಚರಿಸಿತ್ತು. ಥೈರಾಯ್ಡ್ ಪರೀಕ್ಷೆಯೂ ಹೃದಯಾಘಾತವನ್ನು ಪತ್ತೆ ಹಚ್ಚುವ ಟ್ರೊಪೋನಿನ್ ಪರೀಕ್ಷೆಯೂ ಇದರಲ್ಲಿ ಸೇರುತ್ತವೆ. ಕೂದಲಿನ ಆಸೆಗೆ ಅಂಥ ಪರೀಕ್ಷೆಯನ್ನು ಕೆಡಿಸಿಕೊಳ್ಳುವುದು ನನಗೆ ಸರಿಯೆನಿಸಲಿಲ್ಲ.

ಎಲ್ಲ ಉದುರುವಿಕೆಯೂ ಕಾದರೆ ಸರಿಹೋಗುವಂಥದ್ದಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ನಾಣ್ಯದಗಲ ಬೋಳಾಗುವುದು, ನೆತ್ತಿಯಲ್ಲಿ ಉರಿ ಅಥವಾ ಕೀವು, ಚರ್ಮ ನುಣುಪಾಗಿ ಹೊಳೆಯುವುದು, ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುವುದು, ಇವುಗಳಲ್ಲಿ ಯಾವುದು ಕಂಡರೂ ಮನೆಯ ಆರೈಕೆಯನ್ನು ಬದಿಗಿಟ್ಟು ಚರ್ಮರೋಗ ತಜ್ಞರನ್ನು ಕಾಣಬೇಕು. ಕೆಲವು ಕಾಯಿಲೆಗಳಲ್ಲಿ ರೋಮಕೂಪವೇ ನಾಶವಾಗುತ್ತದೆ, ಆಮೇಲೆ ಅಲ್ಲಿ ಕೂದಲು ಬರುವುದಿಲ್ಲ. ಅಲ್ಲಿ ಮೂರು ತಿಂಗಳ ತಾಳ್ಮೆ ನಷ್ಟವನ್ನೇ ತರುತ್ತದೆ.

ಇನ್ನು ತುಂಡಾಗುವ ಕೂದಲಿನ ವಿಷಯ. ನನ್ನ ಕೂದಲು ಬೆಳೆಯುತ್ತಿಲ್ಲವೆಂದೇ ಹಲವು ವರ್ಷ ಅನ್ನಿಸುತ್ತಿತ್ತು. ಬೆಳವಣಿಗೆಯನ್ನು ಪರೀಕ್ಷಿಸಲು ಬೈತಲೆಯ ಬಳಿ ಬಿಳಿಯಾದ ಒಂದು ಸಣ್ಣ ಕುಚ್ಚಿಗೆ ಬಣ್ಣ ಹಾಕಿ, ಬುಡದಲ್ಲಿ ಬಣ್ಣವಿಲ್ಲದ ಭಾಗ ಎಷ್ಟಾಯಿತೆಂದು ಆಗಾಗ ಅಳೆದೆ. ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬರುತ್ತಿತ್ತು, ಅಂದರೆ ಬಹುತೇಕ ಎಲ್ಲರಿಗೂ ಬರುವಷ್ಟೇ. ಬುಡದಲ್ಲಿ ಬೆಳೆದಷ್ಟೂ ತುದಿಯಲ್ಲಿ ಮುರಿದು ಹೋಗುತ್ತಿದ್ದುದರಿಂದ ಉದ್ದ ಅಲ್ಲಿಗೇ ನಿಂತಿತ್ತು. ಬೆಳವಣಿಗೆಯ ವೇಗವನ್ನು ಹೆಚ್ಚಿಸುವುದು ನಮ್ಮ ಕೈಯಲ್ಲಿ ಹೆಚ್ಚುಕಡಿಮೆ ಇಲ್ಲ. ಅದು ವಂಶದಿಂದ, ವಯಸ್ಸಿನಿಂದ, ಆರೋಗ್ಯದಿಂದ ಬರುವಂಥದ್ದು. ಬೆಳೆದದ್ದನ್ನು ಉಳಿಸಿಕೊಳ್ಳುವುದು ಪೂರ್ತಿ ನಮ್ಮ ಕೈಯಲ್ಲಿದೆ. ನನ್ನ ಉಳಿದ ನಿಯಮಗಳೆಲ್ಲ ಈ ಒಂದು ತಿಳಿವಳಿಕೆಯಿಂದ ಹುಟ್ಟಿದವು.

ಚರ್ಮದಿಂದ ಹೊರಬಂದ ಕೂದಲಿಗೆ ಜೀವವಿಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಗಾಯವಾದ ಚರ್ಮ ಮಾಯುವಂತೆ ಅದು ಮಾಯುವುದಿಲ್ಲ. ತಿಂಗಳಿಗೆ 1 ಸೆಂಟಿಮೀಟರ್‌ನ ಲೆಕ್ಕದಲ್ಲಿ 60 ಸೆಂಟಿಮೀಟರ್ ಉದ್ದದ ಕೂದಲಿನ ತುದಿಗೆ ಐದು ವರ್ಷ ವಯಸ್ಸಾಗಿರುತ್ತದೆ. ಐದು ವರ್ಷ ಸತತವಾಗಿ ಉಟ್ಟು ಒಗೆದ ನಯವಾದ ಬಟ್ಟೆಯನ್ನು ನಾವು ಹೇಗೆ ಕೈಯಲ್ಲಿ ಹಿಡಿಯುತ್ತೇವೋ ತುದಿಯ ಕೂದಲನ್ನು ಹಾಗೆ ಹಿಡಿಯಬೇಕು. ಕೂದಲಿನ ಮೇಲೆ ಒಂದರ ಮೇಲೊಂದು ಹೊದ್ದ ತೆಳುವಾದ ಚಿಪ್ಪುಗಳ ಪದರವಿದೆ, ಅದೇ ಕ್ಯುಟಿಕಲ್. ಅದರ ಮೇಲೆ ಸಹಜವಾದ ಕೊಬ್ಬಿನ ಅತಿ ತೆಳು ಲೇಪವಿದ್ದು, ಎಳೆಗೆ ಎಳೆ ಜಾರುವಂತೆ ಮಾಡುತ್ತದೆ. ಉಜ್ಜಾಟದಿಂದ, ಬಿಸಿಲಿನಿಂದ, ಬ್ಲೀಚಿನಿಂದ ಈ ಲೇಪ ಹೋಗಿ ಚಿಪ್ಪುಗಳು ಎದ್ದು ಉದುರಿದರೆ ಒಳಗಿನ ನಾರು ಬಯಲಾಗಿ ಸೀಳುತ್ತದೆ. ಸೀಳಿದ ತುದಿಯನ್ನು ಜೋಡಿಸುವ ಕ್ರೀಮು ಇಲ್ಲ. ಕೆಲವು ಸ್ವಲ್ಪ ಹೊತ್ತು ಅಂಟಿಸಿ ಹಿಡಿಯುತ್ತವೆ, ತೊಳೆದರೆ ಮತ್ತೆ ಬಿಡುತ್ತವೆ.

ಸಿಕ್ಕು ಬಿಡಿಸುವ ಕ್ರಮವನ್ನು ಬದಲಿಸಿದ್ದರಿಂದಲೇ ನನಗೆ ಅತ್ಯಂತ ಹೆಚ್ಚು ಲಾಭವಾಯಿತು. ಕೂದಲನ್ನು ನಾಲ್ಕು ಭಾಗ ಮಾಡಿ, ಒಂದು ಭಾಗವನ್ನು ನಡುವೆ ಮುಷ್ಟಿಯಲ್ಲಿ ಹಿಡಿದು, ಅಗಲ ಹಲ್ಲಿನ ಬಾಚಣಿಗೆಯಿಂದ ಕೊನೆಯ ನಾಲ್ಕು ಬೆರಳಷ್ಟನ್ನು ಮಾತ್ರ ಮೊದಲು ಬಾಚುತ್ತೇನೆ. ಅದು ಸಲೀಸಾದ ಮೇಲೆ ಮುಷ್ಟಿಯನ್ನು ತುಸು ಮೇಲಕ್ಕೆ ಸರಿಸಿ ಅಲ್ಲಿಂದ ಕೆಳಗೆ. ಹೀಗೆ ಏರುತ್ತಾ ಹೋಗಿ ಕೊನೆಗೊಮ್ಮೆ ಬುಡದಿಂದ ತುದಿಯವರೆಗೆ. ಬಾಚಣಿಗೆ ತಡೆದ ಕಡೆ ಎಳೆಯುವುದಿಲ್ಲ. ಅದನ್ನು ಹೊರತೆಗೆದು, ಗಂಟನ್ನು ಬೆರಳುಗಳಿಂದ ಬದಿಗೆ ಹಿಗ್ಗಿಸುತ್ತೇನೆ. ಹೆಚ್ಚಿನ ಗಂಟುಗಳಲ್ಲಿ ಬುಡದಿಂದ ಕಳಚಿದ ಒಂದು ಕೂದಲು ಉಳಿದವುಗಳಿಗೆ ಸುತ್ತಿಕೊಂಡಿರುತ್ತದೆ. ಅದೊಂದನ್ನು ಹುಡುಕಿ ಮೆಲ್ಲಗೆ ಎಳೆದರೆ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಮೇಲಿನಿಂದ ಎಳೆದು ಬಾಚಿದಾಗ ಆ ಗಂಟೇ ಕೆಳಕೆಳಗೆ ಸರಿದು ಬಿಗಿಯಾಗಿ, ಕೊನೆಗೆ ಹಲವು ಕೂದಲು ಒಟ್ಟಿಗೆ ಹರಿಯುತ್ತವೆ. ಹರಿಯುವ ಆ ಸಣ್ಣ ಸದ್ದು ಕಿವಿಗೆ ಬಿದ್ದರೆ ಈಗಲೂ ನಾನು ಕೈ ನಿಲ್ಲಿಸುತ್ತೇನೆ.

ಒದ್ದೆ ಕೂದಲನ್ನು ಬಾಚುವ ವಿಚಾರದಲ್ಲಿ ಎಲ್ಲರಿಗೂ ಒಂದೇ ನಿಯಮ ಹೊಂದುವುದಿಲ್ಲ. ನೀರು ಕೆರಾಟಿನ್ನಿನ ಒಳಗಿನ ದುರ್ಬಲ ಬಂಧಗಳನ್ನು ಸಡಿಲಿಸುವುದರಿಂದ ನೆನೆದ ಕೂದಲು ಹೆಚ್ಚು ಹಿಗ್ಗುತ್ತದೆ, ಕಡಿಮೆ ಎಳೆತಕ್ಕೇ ಸೋಲುತ್ತದೆ. ನನ್ನದು ಅಲೆಯಲೆಯಾದ ಕೂದಲು. ಸ್ನಾನಕ್ಕೆ ಮುಂಚೆ ಒಣಗಿರುವಾಗಲೇ ಪೂರ್ತಿ ಸಿಕ್ಕು ಬಿಡಿಸಿ, ಆಮೇಲೆ ಮುಕ್ಕಾಲು ಪಾಲು ಒಣಗುವವರೆಗೆ ಬಾಚಣಿಗೆ ಮುಟ್ಟುವುದಿಲ್ಲ. ಬಿಗಿ ಗುಂಗುರು ಕೂದಲಿನವರಿಗೆ ಒಣಗಿದಾಗ ಬಾಚುವುದೇ ಹೆಚ್ಚು ಅಪಾಯ. ಅವರು ಕಂಡೀಷನರ್ ಹಚ್ಚಿ, ಅದು ಜಾರುತ್ತಿರುವಾಗಲೇ ಬೆರಳಿನಿಂದ ಅಥವಾ ಅಗಲ ಹಲ್ಲಿನಿಂದ ಬಿಡಿಸಿಕೊಳ್ಳುವುದು ಒಳ್ಳೆಯದು.

ತಲೆ ತೊಳೆಯುವಾಗ ನೆತ್ತಿಯನ್ನೂ ಉದ್ದವನ್ನೂ ಎರಡು ಬೇರೆ ವಸ್ತುಗಳಂತೆ ಕಾಣುತ್ತೇನೆ. ನೆತ್ತಿ ಜೀವಂತ ಚರ್ಮ. ಅದರಿಂದ ಜಿಡ್ಡು ಒಸರುತ್ತದೆ, ಬೆವರು ಬರುತ್ತದೆ, ಅದನ್ನು ತೊಳೆಯಲೇಬೇಕು. ಉದ್ದದ ಭಾಗದಲ್ಲಿ ಹೊಸ ಜಿಡ್ಡು ಹುಟ್ಟುವುದಿಲ್ಲ, ಅಲ್ಲಿ ತೊಳೆಯುವುದಕ್ಕಿಂತ ಕಾಪಾಡುವುದು ಮುಖ್ಯ. ಶಾಂಪೂವನ್ನು ಲೋಟದಷ್ಟು ನೀರಿನಲ್ಲಿ ಕದಡಿ, ಬೆರಳ ತುದಿಗಳಿಂದ (ಉಗುರಿನಿಂದಲ್ಲ) ನೆತ್ತಿಗೆ ಮಾತ್ರ ಹಚ್ಚುತ್ತೇನೆ. ನೀರು ಹೊಯ್ದಾಗ ಇಳಿಯುವ ನೊರೆಯೇ ಉದ್ದಕ್ಕೆ ಸಾಕಾಗುತ್ತದೆ. ಕೂದಲನ್ನೆಲ್ಲ ನೆತ್ತಿಯ ಮೇಲೆ ಗುಡ್ಡೆ ಹಾಕಿ ಉಜ್ಜುವುದನ್ನು ಬಿಟ್ಟ ಮೇಲೆ ಸಿಕ್ಕಾಗುವುದೇ ಅರ್ಧಕ್ಕರ್ಧ ತಗ್ಗಿತು. ಕಂಡೀಷನರ್ ಇದಕ್ಕೆ ತದ್ವಿರುದ್ಧ, ಕಿವಿಯ ಮಟ್ಟದಿಂದ ಕೆಳಗೆ ಮಾತ್ರ. ಅದರಲ್ಲಿರುವ ಧನ ವಿದ್ಯುದಂಶದ ಕಣಗಳು ಋಣ ವಿದ್ಯುದಂಶವಿರುವ ಕೂದಲಿಗೆ ಅಂಟುತ್ತವೆ. ಹಾಳಾದ ಜಾಗದಲ್ಲಿ ಋಣಾಂಶ ಹೆಚ್ಚಿರುವುದರಿಂದ ಅಲ್ಲೇ ಹೆಚ್ಚು ಅಂಟುತ್ತವೆ. ವಾರಕ್ಕೆ ಎಷ್ಟು ಸಲ ತೊಳೆಯಬೇಕೆಂದು ಕೇಳುವವರಿಗೆ ನಾನು ಸಂಖ್ಯೆ ಹೇಳುವುದಿಲ್ಲ. ನೆತ್ತಿ ಜಿಡ್ಡಾದಾಗ, ತುರಿಸಿದಾಗ ತೊಳೆಯಬೇಕು. ಅದು ಕೆಲವರಿಗೆ ದಿನ ಬಿಟ್ಟು ದಿನ, ಕೆಲವರಿಗೆ ವಾರಕ್ಕೊಮ್ಮೆ.

ತಲೆಹೊಟ್ಟು ಇದ್ದಾಗ ನೆತ್ತಿಗೆ ಎಣ್ಣೆ ತಿಕ್ಕುವುದನ್ನು ನಾನು ನಿಲ್ಲಿಸಿದೆ. ಹೊಟ್ಟು ಬರೀ ಒಣಗಿದ ಚರ್ಮವೆಂದು ತೋರುತ್ತದಾದರೂ ಅದರಲ್ಲಿ ಮಲಸೀಜಿಯಾ ಎಂಬ ಶಿಲೀಂಧ್ರದ ಪಾತ್ರ ದೊಡ್ಡದು, ಅದು ಜಿಡ್ಡನ್ನೇ ತಿಂದು ಬದುಕುತ್ತದೆ. ಎಣ್ಣೆ ಹಚ್ಚಿದ ದಿನ ಹೊಟ್ಟು ಕೂತು ಮರೆಯಾಗುತ್ತದೆ, ಮುಂದೆ ಹೆಚ್ಚುತ್ತದೆ. ವೈದ್ಯರು ಹೇಳಿದಂತೆ ಕೀಟೊಕೊನಜೋಲ್ ಇರುವ ಶಾಂಪೂವನ್ನು ಹಚ್ಚಿ, ಕೂಡಲೇ ತೊಳೆಯದೆ ಮೂರರಿಂದ ಐದು ನಿಮಿಷ ಬಿಟ್ಟಾಗ ಹತೋಟಿಗೆ ಬಂತು.

ಉದ್ದಕ್ಕೆ ಮಾತ್ರ ಎಣ್ಣೆಯ ಉಪಕಾರ ನಿಜ, ಅದೂ ತೊಳೆಯುವ ಮುಂಚೆ. ಕೊಬ್ಬರಿ ಎಣ್ಣೆಯಲ್ಲಿರುವ ಲಾರಿಕ್ ಆಮ್ಲದ ಅಣು ಚಿಕ್ಕದೂ ನೇರವೂ ಆಗಿರುವುದರಿಂದ ಕೂದಲಿನ ಒಳಗೆ ಇಳಿಯುತ್ತದೆ. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೂದಲಿನಿಂದ ಪ್ರೋಟೀನ್ ಸೋರಿಹೋಗುವುದನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ತೊಳೆಯುವ ಒಂದೆರಡು ಗಂಟೆ ಮೊದಲು, ಅಂಗೈಯಲ್ಲಿ ಸವರಿದ ಎಣ್ಣೆಯನ್ನು ಉದ್ದದ ಕೆಳ ಅರ್ಧಕ್ಕೆ ಮೆತ್ತಗೆ ಹಚ್ಚುತ್ತೇನೆ. ಎಣ್ಣೆಯಿಂದ ಕೂದಲು ಬೇಗ ಬೆಳೆಯುತ್ತದೆಂದು ನಾನು ಯಾರಿಗೂ ಹೇಳುವುದಿಲ್ಲ. ಅದು ಇರುವ ಕೂದಲು ಸವೆಯುವುದನ್ನು ತಡೆಯುತ್ತದೆ, ಅಷ್ಟೇ ಸಾಕಲ್ಲವೇ?

ಒರೆಸುವಾಗ ಟವೆಲ್ಲಿನಿಂದ ತಿಕ್ಕುವುದಿಲ್ಲ, ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ ಹಿಂಡದೆ ಒತ್ತುತ್ತೇನೆ. ಬಿಸಿಗಾಳಿಯ ಯಂತ್ರವನ್ನು ಅವಸರವಿದ್ದಾಗ, ದೂರ ಹಿಡಿದು, ಕಡಿಮೆ ಬಿಸಿಯಲ್ಲಿ ಬಳಸುವುದುಂಟು. ಕೂದಲು ನೇರಗೊಳಿಸುವ ಕಾದ ಇಸ್ತ್ರಿಯನ್ನು ಒದ್ದೆ ಕೂದಲಿಗೆ ಮುಟ್ಟಿಸಲೇಬಾರದು; ಎಳೆಯ ಒಳಗಿನ ನೀರು ಆವಿಯಾಗಿ ಗುಳ್ಳೆಯೆದ್ದು ಅದೇ ಜಾಗದಲ್ಲಿ ಕೂದಲು ಮುರಿಯುತ್ತದೆ. ಕಟ್ಟುವ ವಿಷಯದಲ್ಲಿ ನನ್ನ ಅಳತೆಗೋಲು ನೋವು. ಜಡೆ ಬಿಚ್ಚಿದಾಗ ನೆತ್ತಿ ಹಗುರವಾಯಿತೆನಿಸಿದರೆ ಅದು ಬಿಗಿಯಾಗಿತ್ತೆಂದೇ ಅರ್ಥ. ವರ್ಷಗಟ್ಟಲೆ ಬಿಗಿಯಾಗಿ ಎಳೆದು ಕಟ್ಟಿದವರಲ್ಲಿ ಹಣೆಯ ಅಂಚು, ಕಿವಿಯ ಮೇಲ್ಭಾಗದ ಕೂದಲು ಕಡಿಮೆಯಾಗುತ್ತಾ ಹೋಗಿ, ಕೊನೆಗೆ ಮರಳಿ ಬಾರದಂತಾಗುತ್ತದೆ. ನಾನು ಸಡಿಲ ಜಡೆಯನ್ನೇ ಹೆಚ್ಚು ಹಾಕುತ್ತೇನೆ, ತುರುಬು ಕಟ್ಟಿದರೆ ಜಾಗ ಬದಲಿಸುತ್ತಿರುತ್ತೇನೆ. ಬರೀ ರಬ್ಬರ್ ಬ್ಯಾಂಡ್ ಬಳಸುವುದಿಲ್ಲ.

ತುದಿ ಕತ್ತರಿಸಿದರೆ ಕೂದಲು ಬೇಗ ಬೆಳೆಯುತ್ತದೆಂಬ ಮಾತಿಗೆ ಆಧಾರವಿಲ್ಲ. ಕತ್ತರಿ ಆಡುವುದು ತುದಿಯಲ್ಲಿ, ಬೆಳವಣಿಗೆ ನಡೆಯುವುದು ಚರ್ಮದೊಳಗೆ. ಆದರೂ ಕತ್ತರಿಸುವುದನ್ನು ನಾನು ಬಿಟ್ಟಿಲ್ಲ, ಸೀಳು ಮೇಲಕ್ಕೆ ಹಬ್ಬದಿರಲು ಅದು ಬೇಕು. ಹಗಲು ಬೆಳಕಿನಲ್ಲಿ ಕೂತು, ಒಂದು ಸಣ್ಣ ಕುಚ್ಚನ್ನು ಸುರುಳಿ ಸುತ್ತಿದರೆ ಸೀಳಿದ ತುದಿಗಳು ಬದಿಗೆ ಚಾಚುತ್ತವೆ. ಹರಿತವಾದ, ಕೂದಲಿಗೆಂದೇ ಇಟ್ಟ ಕತ್ತರಿಯಿಂದ ಸೀಳಿಗಿಂತ ಅರ್ಧ ಬೆರಳು ಮೇಲೆ ಒಂದೊಂದನ್ನೇ ಕತ್ತರಿಸುತ್ತೇನೆ. ತಾಳ್ಮೆ ಬೇಡುವ ಕೆಲಸ ಇದು, ನನಗೆ ಪ್ರಿಯವಾದದ್ದೂ ಹೌದು. ಮೊಂಡು ಕತ್ತರಿ ತುದಿಯನ್ನು ಜಜ್ಜಿ ಹೊಸ ಸೀಳಿಗೆ ದಾರಿ ಮಾಡುತ್ತದೆ.

ಹೊಸ ವಸ್ತುವನ್ನು ಒಂದು ಸಲಕ್ಕೆ ಒಂದೇ ತರುತ್ತೇನೆ, ತಂದ ದಿನವನ್ನು ಬರೆದಿಡುತ್ತೇನೆ. ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ಬೈತಲೆಯ ಮತ್ತು ಬೆನ್ನಿನ ಕಡೆಯ ಚಿತ್ರ ತೆಗೆದಿಡುವುದೂ ಇದೆ. ಕನ್ನಡಿ ಆಯಾ ದಿನದ ಮನಸ್ಥಿತಿಯನ್ನು ಸೇರಿಸಿಕೊಂಡು ತೋರಿಸುತ್ತದೆ. ಚಿತ್ರಗಳನ್ನು ಪಕ್ಕದಲ್ಲಿಟ್ಟಾಗ ಮಾತ್ರ ಬೈತಲೆ ಅಗಲವಾಗಿಲ್ಲ, ತುದಿ ದಟ್ಟವಾಗುತ್ತಿದೆ ಎಂಬುದು ಸ್ಪಷ್ಟವಾಯಿತು. ಕೂದಲು ಭುಜವನ್ನು ದಾಟಿ ಬೆನ್ನಿನ ನಡುವಿಗೆ ಇಳಿದದ್ದು ಹೀಗೆ ಕೆಲವು ವರ್ಷಗಳಲ್ಲಿ.

ಈಗ ಅದು ಸೊಂಟದ ಬಳಿ ನಿಂತಿದೆ. ಈ ಬಾರಿ ನಿಂತಿರುವುದಕ್ಕೆ ಕಾರಣ ಬೇರೆಯೇ ಇದೆ. ಬೀಳುವ ಕೂದಲಿನಲ್ಲಿ ತುಣುಕುಗಳು ಅಪರೂಪ, ಹೆಚ್ಚಿನವು ಪೂರ್ತಿ ಉದ್ದದವು, ಕೊನೆಯಲ್ಲಿ ಬಿಳಿ ಗಂಟಿರುವಂಥವು. ಅಂದರೆ ನನ್ನ ಕೂದಲು ತನ್ನ ಬೆಳೆಯುವ ಹಂತವನ್ನು ಪೂರ್ತಿ ಮುಗಿಸಿ ಬೀಳುತ್ತಿದೆ. ಆ ಹಂತ ಎಷ್ಟು ವರ್ಷದ್ದೋ ಅಷ್ಟೇ ಉದ್ದ ನನಗೆ ಸಿಗುವುದು. ಕೆಳಗಿನ ಒಂದು ಗೇಣು ಮೇಲಿನಷ್ಟು ದಟ್ಟವಾಗಿಲ್ಲ, ಏಕೆಂದರೆ ಅಷ್ಟು ವಯಸ್ಸಿನವರೆಗೆ ಉಳಿಯುವ ಕೂದಲು ಕಡಿಮೆ. ಆ ಒಂದು ಗೇಣನ್ನು ಉಳಿಸಿಕೊಳ್ಳುವ ಹಟ ನನಗಿಲ್ಲ. ಜಡೆ ಬುಡದಿಂದ ಕೊನೆಯವರೆಗೆ ಸುಮಾರಾಗಿ ಒಂದೇ ದಪ್ಪ ಇರುವಂತೆ ವರ್ಷಕ್ಕೆರಡು ಬಾರಿ ತುದಿಯನ್ನು ಸಮವಾಗಿ ಕತ್ತರಿಸಿಕೊಳ್ಳುತ್ತೇನೆ.